ದೀಪ ಒಂದೇ, ರೋಗ ಎರಡು: ಮೇಷ್ಟ್ರ ಕಾರಿನ ಏರ್‌ಬ್ಯಾಗ್ ಲೈಟ್ ಪ್ರಕರಣ

ದಾವಣಗೆರೆಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಶೆಡ್, ಒಬ್ಬ ಹುಡುಗ, ಒಂದು ಸ್ಕ್ಯಾನರ್. ಮೊದಲೆಲ್ಲ ಬರ್ತಾ ಇದ್ದದ್ದು ಸೆಲ್ಫ್, ಡೈನಮೋ, ಹಾರ್ನ್, ಹೆಡ್‌ಲೈಟ್. ಈಗ ಏರ್‌ಬ್ಯಾಗ್ ಲೈಟಿನ ಕೇಸುಗಳೂ ಬರುತ್ತವೆ. ಬರಲೇಬೇಕು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಡ್ರೈವರ್ ಕಡೆ ಏರ್‌ಬ್ಯಾಗ್ ಕಡ್ಡಾಯ ಆಯ್ತು, 2021ರಲ್ಲಿ ಪಕ್ಕದ ಸೀಟಿಗೂ ಬಂತು. ಆ ಗಾಡಿಗಳೆಲ್ಲ ಈಗ ವಾರಂಟಿ ಮುಗಿಸಿ ನಮ್ಮಂಥ ಶೆಡ್‌ಗಳ ಕಡೆ ತಿರುಗುವ ವಯಸ್ಸಿಗೆ ಬಂದಿವೆ.

ಇಲ್ಲಿ ಬರೆಯುತ್ತಿರುವ ಕೇಸು ನಾನು ಸರಿ ಮಾಡಿದ್ದು ಹೌದು, ಆದರೆ ಮೊದಲು ತಪ್ಪು ಮಾಡಿದ್ದೂ ನಾನೇ. ಹಾಗಾಗಿ ಪೂರ್ತಿ ಬರೆಯುತ್ತೇನೆ.

ಗಾಡಿ 2018ರದ್ದು, ಪೆಟ್ರೋಲ್, 71,000 ಕಿಲೋಮೀಟರ್ ಓಡಿದ್ದು. ಟಾಪ್ ಮಾಡೆಲ್, ಹಾಗಾಗಿ ಮುಂದಿನ ಎರಡು ಏರ್‌ಬ್ಯಾಗ್ ಜೊತೆಗೆ ಮುಂದಿನ ಸೀಟುಗಳ ಪಕ್ಕದಲ್ಲೂ ಒಂದೊಂದು ಇತ್ತು. ಕಂಪನಿ ಹೆಸರು ಬೇಡ, ಈ ಕಾಯಿಲೆಗೆ ಕಂಪನಿ ಭೇದ ಇಲ್ಲ. ಓನರ್ ರಿಟೈರ್ ಆದ ಹೈಸ್ಕೂಲ್ ಗಣಿತದ ಮೇಷ್ಟ್ರು. ಮನೆ ವಿದ್ಯಾನಗರದಲ್ಲಿ, ಮಗಳ ಮನೆ ಚಿತ್ರದುರ್ಗದಲ್ಲಿ. ಪ್ರತಿ ಭಾನುವಾರ ಗಂಡ ಹೆಂಡತಿ ಅಲ್ಲಿಗೆ ಹೋಗಿ ಬರುತ್ತಾರೆ, ಹೈವೇಯಲ್ಲಿ ಸುಮಾರು 60 ಕಿಲೋಮೀಟರ್.

ಮೇಷ್ಟ್ರು ಮೊದಲ ದಿನ ಬಂದಾಗ ಕೈಯಲ್ಲಿ ಒಂದು ಡೈರಿ ಇತ್ತು.

"ಲೈಟು ಬರುತ್ತಪ್ಪಾ, ಹೋಗುತ್ತೆ. ಒಂದು ಸಲ ಬಂದ್ರೆ ಗಾಡಿ ಆಫ್ ಮಾಡೋವರೆಗೂ ಇರುತ್ತೆ. ಮತ್ತೆ ಸ್ಟಾರ್ಟ್ ಮಾಡಿದ್ರೆ ಇರಲ್ಲ. ಯಾವಾಗ ಬಂತು, ಎಲ್ಲಿ ಬಂತು, ಎಲ್ಲಾ ಬರೆದಿಟ್ಟಿದ್ದೀನಿ. ನಮ್ಮ ಮನೆಯವರಂತೂ ಮುಂದಿನ ಸೀಟಿಗೆ ಕೂರೋದೇ ಬಿಟ್ಟಿದ್ದಾರೆ."

ಅಮ್ಮ ಹಿಂದಿನ ಸೀಟಿನಲ್ಲೇ ಕೂತಿದ್ದರು. "ಅದು ಒಮ್ಮಿಗೇ ಸಿಡಿದು ಎದಿಗೆ ಬಡಿತೈತಂತಲ್ರೀ?" ಅಂದರು.

ಈ ಹೆದರಿಕೆ ಬಹಳ ಜನಕ್ಕಿದೆ. ನಿಜ ಹೇಳಬೇಕು ಅಂದ್ರೆ ಲೈಟ್ ಹತ್ತಿದಾಗ ಹೆದರಬೇಕಾದ್ದು ಉಲ್ಟಾ ಕಾರಣಕ್ಕೆ. ಸುಮ್ನೆ ಇದ್ದಾಗ ಸಿಡಿಯುತ್ತೆ ಅಂತಲ್ಲ, ಡಿಕ್ಕಿ ಆದಾಗ ಬಿಚ್ಚಿಕೊಳ್ಳದೇ ಇರಬಹುದು ಅಂತ. ಏರ್‌ಬ್ಯಾಗ್ ತುಂಬಿಕೊಳ್ಳೋದು ಸೆಕೆಂಡಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ, ರೆಪ್ಪೆ ಬಡಿಯೋದರೊಳಗೆ ಎಲ್ಲ ಮುಗಿದಿರುತ್ತೆ. ಅಷ್ಟು ಆತುರದ ಕೆಲಸಕ್ಕೆ ವೈರು ಸರಿಯಾಗಿದೆಯಾ ಅಂತ ಒಳಗಿನ ಕಂಟ್ರೋಲ್ ಯೂನಿಟ್ ಯಾವಾಗಲೂ ಪರೀಕ್ಷೆ ಮಾಡ್ತಾನೇ ಇರುತ್ತೆ. ಎಲ್ಲಾದರೂ ಅನುಮಾನ ಬಂದ್ರೆ ದೀಪ ಹಚ್ಚುತ್ತೆ.

ನಾನು ಯಾವ ಏರ್‌ಬ್ಯಾಗ್ ಕೇಸಿನಲ್ಲೂ ಮೊದಲು ಮಾಡೋದು ಎಣಿಕೆ. ಕೀ ಆನ್ ಮಾಡಿದ ಕೂಡಲೇ ದೀಪ ಹತ್ತಬೇಕು, ಆರೇಳು ಸೆಕೆಂಡ್ ಇದ್ದು ಆರಬೇಕು. ಹತ್ತೇ ಇಲ್ಲ ಅಂದ್ರೆ ಯಾರೋ ಮೀಟರ್ ಬೋರ್ಡ್ ಬಿಚ್ಚಿ ದೀಪವನ್ನೇ ಕೊಂದಿದ್ದಾರೆ ಅಂತ ಅನುಮಾನ ಪಡಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡೋರು ಇದೊಂದನ್ನು ತಪ್ಪದೇ ನೋಡಿ. ಮೇಷ್ಟ್ರಿಗೂ ಇದಕ್ಕೆ ಮುಂಚೆ ಒಂದು ಕಡೆ "500 ಕೊಡಿ ಸಾರ್, ಲೈಟು ಬರದಂಗೆ ಮಾಡಿಕೊಡ್ತೀವಿ" ಅಂದಿದ್ದರಂತೆ. ಜ್ವರ ಬಂದೋನ ಥರ್ಮಾಮೀಟರ್ ಒಡೆದು ಹಾಕಿದ ಹಾಗೆ. ಪುಣ್ಯಕ್ಕೆ ಮೇಷ್ಟ್ರು ಒಪ್ಪಿರಲಿಲ್ಲ. ದೀಪ ಸರಿಯಾಗಿ ಹತ್ತಿತು, ಆದರೆ ಅವತ್ತು ಆರಲಿಲ್ಲ.

ಪಕ್ಕದ ಮನೆ ಹುಡುಗ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರಿಸುವ ಪುಟ್ಟ ಸ್ಕ್ಯಾನರ್ ಹಾಕಿ ನೋಡಿ "ಏನೂ ಫಾಲ್ಟ್ ಇಲ್ಲ ಅಂಕಲ್" ಅಂದಿದ್ದನಂತೆ. ಅವನ ತಪ್ಪಲ್ಲ. ಅಂಥ ಅಗ್ಗದ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಓದೋದು ಇಂಜಿನ್ನಿನ ಫಾಲ್ಟ್ ಕೋಡ್‌ಗಳನ್ನ ಮಾತ್ರ, ಅಂದ್ರೆ 'ಪಿ' ಅಕ್ಷರದಿಂದ ಶುರುವಾಗೋವು. ಏರ್‌ಬ್ಯಾಗ್ ಕೋಡ್‌ಗಳು 'ಬಿ'ಯಲ್ಲಿ ಶುರುವಾಗುತ್ತವೆ, ಬಾಡಿ ಅನ್ನೋದರ ಬಿ. ಅದನ್ನು ಓದೋಕೆ ಏರ್‌ಬ್ಯಾಗ್ ಯೂನಿಟ್ ಜೊತೆ ಮಾತಾಡೋ ಸ್ಕ್ಯಾನರ್ರೇ ಬೇಕು.

ನನ್ನದು ಓದಿತು. ಎರಡು ಕೋಡ್ ಬಂದವು. ಒಂದು, ಡ್ರೈವರ್ ಸೀಟಿನ ಸೈಡ್ ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಜಾಸ್ತಿ, ಅದು ಆ ಹೊತ್ತಿಗೆ ಇರುವ ಫಾಲ್ಟ್. ಇನ್ನೊಂದು, ಸ್ಟೀರಿಂಗ್‌ನಲ್ಲಿರುವ ಏರ್‌ಬ್ಯಾಗಿನಲ್ಲೂ ರೆಸಿಸ್ಟೆನ್ಸ್ ಜಾಸ್ತಿ, ಆದರೆ ಅದರ ಪಕ್ಕ 'ಹಿಸ್ಟರಿ' ಅಂತ ಇತ್ತು. ಅಂದ್ರೆ ಹಿಂದೆ ಯಾವಾಗಲೋ ಆಗಿತ್ತು, ಈಗ ಇಲ್ಲ.

ಈಗಿಲ್ಲ ಅಂತ ಬಿಟ್ಟೆ. ಅಲ್ಲೇ ಎಡವಿದ್ದು.

ಡೈರಿಯಲ್ಲಿ ಏಳು ದಿನದ ಲೆಕ್ಕ ಇತ್ತು, ಕೆಂಪು ಇಂಕಿನಲ್ಲಿ, ಪರೀಕ್ಷೆ ಪೇಪರ್ ತಿದ್ದಿದ ಹಾಗೆ. ಜಯದೇವ ಸರ್ಕಲ್, ಬೆಳಿಗ್ಗೆ 10. ರೈಲ್ವೆ ಗೇಟ್ ಹತ್ತಿರ, ಸಂಜೆ 6. ಗಾಂಧಿ ಸರ್ಕಲ್. ಮತ್ತೆ ರೈಲ್ವೆ ಗೇಟ್. ತರಕಾರಿ ಮಾರ್ಕೆಟ್ ಹತ್ತಿರ ಪಾರ್ಕಿಂಗ್. ಮನೆ ಗೇಟ್, ರಿವರ್ಸ್. ಆಸ್ಪತ್ರೆ ರಸ್ತೆ. ಚಿತ್ರದುರ್ಗಕ್ಕೆ ಹೋಗಿ ಬಂದ ಭಾನುವಾರಗಳಲ್ಲಿ ಹೈವೇಯಲ್ಲಿ ಒಂದು ಸಲವೂ ಇಲ್ಲ. ನಾನು ಓದಿ ಗತ್ತಿನಲ್ಲಿ ಹೇಳಿದೆ: "ನೋಡಿ ಸಾರ್, ಊರೊಳಗೆ ಮಾತ್ರ ಬರ್ತಾ ಇದೆ. ಹೈವೇ ನುಣ್ಣಗಿದೆ, ಊರೊಳಗೆ ಹಂಪು, ಗುಂಡಿ. ಅಲುಗಾಡಿದಾಗ ಎಲ್ಲೋ ಲೂಸ್ ಕಾಂಟ್ಯಾಕ್ಟ್. ಸೀಟಿನ ಕೆಳಗೆ ನೋಡೋಣ."

ನೋಡಿದರೆ ಅಲ್ಲಿ ಇಡೀ ಸಂಸಾರ ಇತ್ತು. ಒಂದು ಮಡಚೋ ಛತ್ರಿ, ಟೈರಿಗೆ ಗಾಳಿ ಹಾಕೋ ಸಣ್ಣ ಪಂಪು, ಒಂದು ಹಳೇ ಟವೆಲ್, ಸೀಟಿನ ರೈಲಿನ ತುಂಬ ಮಂಡಕ್ಕಿ. ದಾವಣಗೆರೆ ಕಾರಿನ ಸೀಟಿನ ಕೆಳಗೆ ಮಂಡಕ್ಕಿ ಸಿಗದಿದ್ದರೇ ಆಶ್ಚರ್ಯ, ಬಿಡಿ. ಸೀಟನ್ನು ಹಿಂದೆ ಮುಂದೆ ತಳ್ಳಿದಾಗಲೆಲ್ಲ ಆ ಪಂಪು ಹಳದಿ ವೈರನ್ನು ಒತ್ತುತ್ತಿತ್ತು. ಏರ್‌ಬ್ಯಾಗಿನ ವೈರಿಗೂ ಕಪ್ಲರಿಗೂ (ವೈರು ಸೇರೋ ಪ್ಲಗ್) ಹಳದಿ ಬಣ್ಣ ಕೊಡೋದೇ 'ಇಲ್ಲಿ ಕೈ ಹಾಕೋ ಮುಂಚೆ ಯೋಚನೆ ಮಾಡು' ಅಂತ ಹೇಳೋಕೆ. ಬ್ಯಾಟರಿ ನೆಗೆಟಿವ್ ತೆಗೆದು, ಕಾದು, ಕಪ್ಲರ್ ಬಿಚ್ಚಿದೆ. ಲಾಕ್ ಅರ್ಧ ಮಾತ್ರ ಕೂತಿತ್ತು. ಒಂದು ಪಿನ್ನಿನ ಮೇಲೆ ಹಸಿರು ಕಿಲುಬು, ಒದ್ದೆ ಛತ್ರಿಯ ನೀರು ಇಳಿದಿರಬೇಕು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಟರ್ಮಿನಲ್ ಹಿಡಿತ ನೋಡಿ, ಟಕ್ ಅನ್ನೋವರೆಗೂ ಕೂರಿಸಿದೆ. ವೈರನ್ನು ರೈಲಿಗೆ ಸಿಗದ ಹಾಗೆ ಟೈ ಹಾಕಿ ಕಟ್ಟಿದೆ. ಎರಡೂ ಕೋಡ್ ಅಳಿಸಿದೆ. ದೀಪ ಬರಲಿಲ್ಲ. 600 ರೂಪಾಯಿ ತಗೊಂಡು ಕಳಿಸಿದೆ.

(ಸೈಡ್ ಏರ್‌ಬ್ಯಾಗ್ ಇರುವ ಸೀಟಿಗೆ ಮೈತುಂಬ ಹೊದಿಸೋ ದಪ್ಪ ಸೀಟ್ ಕವರ್ ಹಾಕಿಸಬೇಡಿ ಅಂತ ಹೇಳೋದನ್ನೂ ಆ ದಿನ ಮರೆಯಲಿಲ್ಲ. ಸೀಟಿನ ಹೊಲಿಗೆ ಹರಿದುಕೊಂಡೇ ಅದು ಹೊರಗೆ ಬರಬೇಕು, ಮೇಲೆ ಇನ್ನೊಂದು ಕವರ್ ಬಿಗಿದರೆ ಎಲ್ಲಿಂದ ಬರುತ್ತೆ?)

ಹನ್ನೊಂದನೇ ದಿನ ಫೋನ್ ಬಂತು. "ಮತ್ತೆ ಬಂತಪ್ಪಾ. ಅದೇ ರೈಲ್ವೆ ಗೇಟ್ ಹತ್ತಿರ."

ಇಲ್ಲಿ ಮಾಡಿದ್ದು ಎರಡನೇ ತಪ್ಪು, ಇದಕ್ಕೆ ನೆಪವೇ ಇಲ್ಲ. ಗಾಡಿ ಬಂದ ಕೂಡಲೇ ಸ್ಕ್ಯಾನರ್ ಹಾಕಲಿಲ್ಲ. ನಾನು ಮಾಡಿದ ಕೆಲಸವೇ ಕೈಕೊಟ್ಟಿದೆ ಅಂದುಕೊಂಡು ನೇರ ಸೀಟಿನ ಕೆಳಗೆ ತಲೆ ತೂರಿಸಿದೆ. ಸೀಟ್ ಬಿಚ್ಚಿದೆ, ಕಪ್ಲರ್ ನೋಡಿದೆ, ವೈರನ್ನು ಬೆರಳಲ್ಲಿ ಇಂಚಿಂಚು ಹಿಡಿದು ನೋಡಿದೆ, ಏನೂ ಇಲ್ಲ, ಹೊಸದರ ಹಾಗಿದೆ, ಒಂದು ಗಂಟೆ ಹೋಯ್ತು, ಬೆವರಿನಲ್ಲಿ ಅಂಗಿ ಒದ್ದೆ, ಆಮೇಲೆ ಹುಡುಗ ಹಿಂದಿನಿಂದ ಮೆಲ್ಲಗೆ ಕೇಳಿದ: "ಅಣ್ಣ, ಸ್ಕ್ಯಾನ್ ಮಾಡ್ಲಾ?"

ಮಾಡಿದ. ಸೀಟಿನ ಕೋಡ್ ಇಲ್ಲವೇ ಇಲ್ಲ. ಇದ್ದದ್ದು ಒಂದೇ, ಸ್ಟೀರಿಂಗ್ ಏರ್‌ಬ್ಯಾಗ್, ರೆಸಿಸ್ಟೆನ್ಸ್ ಜಾಸ್ತಿ.

"ಇದು ಹೊಸ ಫಾಲ್ಟ್ ಸಾರ್, ಮೊದಲು ಇರಲಿಲ್ಲ" ಅನ್ನೋಕೆ ಬಾಯಿ ತೆರೆದಿದ್ದೆ. ಮೇಷ್ಟ್ರು ಡೈರಿ ತಿರುಗಿಸಿ ಮೊದಲ ದಿನದ ಪುಟದ ಮೇಲೆ ಬೆರಳಿಟ್ಟರು. ಸ್ಕ್ರೀನ್ ಮೇಲೆ ಬಂದ ಎರಡೂ ಕೋಡನ್ನು ಅವತ್ತೇ ಅವರು ನನ್ನ ಭುಜದ ಹಿಂದೆ ನಿಂತು ಬರೆದುಕೊಂಡಿದ್ದರು. ಈಗ ಬಂದಿರೋದು ಅದರಲ್ಲಿ ಎರಡನೇದು, ಒಂದು ಅಂಕಿಯೂ ವ್ಯತ್ಯಾಸ ಇಲ್ಲ. ಬಾಯಿ ಮುಚ್ಚಿಕೊಂಡೆ.

ಹಿಸ್ಟರಿ ಅಂದ್ರೆ ವಾಸಿಯಾದದ್ದು ಅಂತ ಅರ್ಥ ಅಲ್ಲ. ಬ್ಯಾಟರಿ ವೀಕ್ ಆಗಿ ಬಂದು ಹೋದ ಹಳೇ ಕೋಡುಗಳೂ ಇರುತ್ತವೆ, ಯಾರೋ ಕೀ ಆನ್ ಇದ್ದಾಗಲೇ ಕಪ್ಲರ್ ಬಿಚ್ಚಿ ಹಾಕಿದ್ದೂ ಇರುತ್ತೆ, ನಿಜ. ಆದರೆ 'ಬರುತ್ತೆ, ಹೋಗುತ್ತೆ' ಅಂತಲೇ ದೂರು ಇರುವಾಗ ಬಂದು ಹೋಗುವ ಫಾಲ್ಟು ಹಿಸ್ಟರಿಯಲ್ಲಿ ಅಲ್ಲದೆ ಇನ್ನೆಲ್ಲಿ ಸಿಗುತ್ತೆ? ನಾನು ಸಿಕ್ಕ ಕಳ್ಳನನ್ನು ಹಿಡಿದು, ಇನ್ನೊಬ್ಬನ ಹೆಜ್ಜೆ ಗುರುತನ್ನು ಕೈಯಾರೆ ಅಳಿಸಿದ್ದೆ.

ಡೈರಿಯನ್ನು ಮತ್ತೆ ಓದಿದೆವು, ಈ ಸಲ ಇಬ್ಬರೂ ಕೂತು. ಊರೊಳಗೆ ಬರುತ್ತೆ, ಹೈವೇಯಲ್ಲಿ ಬರಲ್ಲ. ಹೈವೇಯಲ್ಲಿ ಹಂಪಿಲ್ಲ, ಸರಿ. ಇನ್ನೇನಿಲ್ಲ? ಮೇಷ್ಟ್ರೇ ಹೇಳಿದರು, "ತಿರುವೂ ಇಲ್ಲ." ಊರು ಬಿಟ್ಟರೆ ಚಿತ್ರದುರ್ಗದ ಗಾಳಿ ಗಿರಣಿಗಳು ಕಾಣೋವರೆಗೂ ಸ್ಟೀರಿಂಗನ್ನು ಒಂದು ಗೇಣಿಗಿಂತ ಜಾಸ್ತಿ ತಿರುಗಿಸೋ ಪ್ರಮೇಯವೇ ಬರಲ್ಲ. ಒಂದೇ ಪುರಾವೆ, ಎರಡು ಕಾರಣಕ್ಕೂ ಹೊಂದುತ್ತಿತ್ತು. ನಾನು ನನಗೆ ಸುಲಭವಾದದ್ದನ್ನು ಆರಿಸಿಕೊಂಡಿದ್ದೆ.

ಎರಡನ್ನೂ ಬೇರೆ ಮಾಡಿದ್ದು ಆರನೇ ಸಾಲು: ಮನೆ ಗೇಟ್, ರಿವರ್ಸ್. "ನಿಮ್ಮ ಗೇಟ್ ಹತ್ತಿರ ಹಂಪು, ಗುಂಡಿ ಏನಾದ್ರೂ ಇದೆಯಾ ಸಾರ್?" "ಇಲ್ಲಪ್ಪಾ, ಸಿಮೆಂಟ್ ಹಾಕ್ಸಿದ್ದೀನಿ, ನೀರು ಚೆಲ್ಲಿದ್ರೆ ಹರಿಯಲ್ಲ, ಅಷ್ಟು ಸಮ." ಅಲ್ಲಿ ಗಾಡಿ ಅಲುಗಾಡೋದೇ ಇಲ್ಲ. ಆದರೆ ಚಿಕ್ಕ ಜಾಗದಲ್ಲಿ ರಿವರ್ಸ್ ತೆಗೆಯೋಕೆ ಸ್ಟೀರಿಂಗ್ ಪೂರ್ತಿ ಒಡೆಯಬೇಕು, ಅಂದ್ರೆ ಕೊನೆಯವರೆಗೂ ತಿರುಗಿಸಬೇಕು. ಯಾವ ಕಡೆಗೆ ಅಂತ ಕೇಳಿದೆ. ಕಣ್ಣು ಮುಚ್ಚಿ ಗಾಳಿಯಲ್ಲಿ ಎರಡೂ ಕೈ ತಿರುಗಿಸಿ ನೋಡಿಕೊಂಡು, "ಎಡಕ್ಕೆ" ಅಂದರು. ಉಳಿದ ಜಾಗಗಳಲ್ಲೂ ನೆನಪಿದ್ದಷ್ಟು ಎಡ ತಿರುವೇ. ರಸ್ತೆಯ ಎಡಗಡೆ ಓಡಿಸೋ ನಮಗೆ ಎಡಕ್ಕೆ ತಿರುಗೋದು ಅಂದ್ರೆ ಚೂಪು ತಿರುವು, ಬಲಕ್ಕೆ ತಿರುಗುವಾಗ ಅಗಲವಾಗಿ ಸುತ್ತು ಹಾಕ್ತೀವಿ.

ಇಷ್ಟಾದರೆ ಅನುಮಾನ ಒಂದರ ಮೇಲೇ: ಕ್ಲಾಕ್ ಸ್ಪ್ರಿಂಗ್.

ಹೆಸರು ಸ್ಪ್ರಿಂಗ್, ಆದರೆ ಅದು ಸ್ಪ್ರಿಂಗ್ ಅಲ್ಲ. ಸ್ಟೀರಿಂಗ್ ತಿರುಗುತ್ತೆ, ಅದರ ಕೆಳಗಿನ ಕಾಲಂ, ಅಂದ್ರೆ ಶಾಫ್ಟಿನ ಹೊರಗಿನ ಕೊಳವೆ, ತಿರುಗಲ್ಲ. ಹಾಗಿರುವಾಗ ಸ್ಟೀರಿಂಗಿನ ಒಳಗಿರುವ ಏರ್‌ಬ್ಯಾಗಿಗೆ, ಹಾರ್ನಿಗೆ, ಆಡಿಯೋ ಬಟನ್ನಿಗೆ ವೈರ್ ಕೊಡೋದು ಹೇಗೆ? ಸಾದಾ ವೈರ್ ಕೊಟ್ಟರೆ ನಾಲ್ಕು ಸಲ ತಿರುಗಿಸೋದರೊಳಗೆ ಹುರಿಯಾಗಿ ಕಿತ್ತುಹೋಗುತ್ತೆ. ಅದಕ್ಕೆ ಚಪ್ಪಟೆ ರಿಬ್ಬನ್ ಕೇಬಲ್ ಒಂದನ್ನು ದುಂಡನೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಗಡಿಯಾರದ ಸ್ಪ್ರಿಂಗಿನ ಥರ ಸುತ್ತಿ ಇಟ್ಟಿರುತ್ತಾರೆ. ಒಂದು ಕಡೆ ತಿರುಗಿಸಿದರೆ ಬಿಗಿಯಾಗುತ್ತೆ, ಇನ್ನೊಂದು ಕಡೆಗೆ ಸಡಿಲ.

ಇದು ನನಗೆ ಮೊದಲ ದಿನವೇ ಹೊಳೆಯದಿರೋಕೆ ಒಂದು ಕಾರಣ ಇತ್ತು. ಹಾರ್ನ್ ಚೆನ್ನಾಗಿತ್ತು. ಕ್ಲಾಕ್ ಸ್ಪ್ರಿಂಗ್ ಹೋದರೆ ಹಾರ್ನ್ ಹೋಗುತ್ತೆ ಅಂತ ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೀವಿ. ಆದರೆ ಆ ರಿಬ್ಬನ್ನಿನಲ್ಲಿ ಹಾರ್ನಿನ ತಂತಿ ಬೇರೆ, ಏರ್‌ಬ್ಯಾಗಿನದು ಬೇರೆ, ಬಟನ್ನಿನದು ಬೇರೆ. ಒಂದು ಕಿತ್ತುಹೋಗಿ ಪಕ್ಕದ್ದು ಗಟ್ಟಿಯಾಗಿರಬಹುದು. "ಆಡಿಯೋ ಬಟನ್ ಕೆಲಸ ಮಾಡುತ್ತಾ ಸಾರ್?" ಅಂತ ಕೇಳಿದೆ. "ನಾನು ಕೇಳೋದು ಚಿತ್ರದುರ್ಗ ಆಕಾಶವಾಣಿ ಒಂದೇ, ಅದಕ್ಕೆ ಬಟನ್ ಯಾಕೆ?" ಅಂದರು. ಹಿಂದಿನಿಂದ ಅಮ್ಮ ಅಂದರು, "ಮೊಮ್ಮಗ ಹೇಳಿದ್ನಲ್ಲ, ತಾತ ಸೌಂಡ್ ಬಟನ್ ಹೋಗೈತಿ ಅಂತ. ನೀವೇ ಗದರಿಸಿ ಕೂರಿಸಿದ್ರಿ."

ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆದೆ. ಈ ಗಾಡಿಯ ಯೂನಿಟ್ ಪ್ರತಿ ಏರ್‌ಬ್ಯಾಗಿನ ರೆಸಿಸ್ಟೆನ್ಸನ್ನು ಓಮ್‌ನಲ್ಲಿ ತೋರಿಸುತ್ತೆ. ಏರ್‌ಬ್ಯಾಗಿನೊಳಗಿನ ಕಿಡಿ ಕೊಡೋ ತುಂಡು ಸಾಮಾನ್ಯವಾಗಿ 2 ಓಮ್ ಆಸುಪಾಸು ಇರುತ್ತೆ. ಸ್ಟೀರಿಂಗ್ ನೇರ ಇದ್ದಾಗ 2.3. ಬಲಕ್ಕೆ ಪೂರ್ತಿ ಒಡೆದೆ, 2.3. ನಿಧಾನಕ್ಕೆ ಎಡಕ್ಕೆ. ಅರ್ಧ ಸುತ್ತು, 2.3. ಒಂದು ಸುತ್ತು, 2.4. ಇನ್ನೊಂಚೂರು. 3.1. 4.8. ಒಂದೂಕಾಲು ಸುತ್ತಿನ ಹತ್ತಿರ ಅಂಕಿಯೇ ಮಾಯವಾಗಿ ಗೆರೆ ಬಂತು, ಅದರ ಹಿಂದೆಯೇ ಮೀಟರ್ ಬೋರ್ಡಿನಲ್ಲಿ ದೀಪ. ಮೇಷ್ಟ್ರು ಪಕ್ಕದ ಕಿಟಕಿಯಿಂದ ಇಣುಕುತ್ತಾ ಪ್ರತಿ ಅಂಕಿಯನ್ನೂ ಬರೆದುಕೊಂಡರು. ನಾನಂತೂ ಅಷ್ಟು ವರ್ಷದಲ್ಲಿ ಒಂದು ಫಾಲ್ಟ್ ಇಷ್ಟು ಸ್ಪಷ್ಟವಾಗಿ ಮುಖ ತೋರಿಸಿದ್ದನ್ನು ನೋಡಿರಲಿಲ್ಲ.

ಆದರೂ ಇದರಿಂದ ಗೊತ್ತಾಗೋದು ಸರ್ಕ್ಯೂಟ್ ಮಾತ್ರ, ಪಾರ್ಟ್ ಅಲ್ಲ. ಏರ್‌ಬ್ಯಾಗಿನ ಕಪ್ಲರ್ ಲೂಸ್ ಇರಬಹುದು, ಏರ್‌ಬ್ಯಾಗೇ ಇರಬಹುದು, ಕ್ಲಾಕ್ ಸ್ಪ್ರಿಂಗ್ ಇರಬಹುದು, ಕೆಳಗಿನ ವೈರಿಂಗ್ ಇರಬಹುದು. ಕೋಡ್‌ನಲ್ಲಿ ಏರ್‌ಬ್ಯಾಗ್ ಅಂತ ಬಂತು ಅಂದ ಮಾತ್ರಕ್ಕೆ ಏರ್‌ಬ್ಯಾಗನ್ನೇ ಬದಲಾಯಿಸಿ ದುಡ್ಡು ಕಳಕೊಂಡವರಿದ್ದಾರೆ.

ಈಗ ಮುಖ್ಯವಾದ ಮಾತು. ಏರ್‌ಬ್ಯಾಗಿನ ಪಿನ್ನುಗಳಿಗೆ ಮಲ್ಟಿಮೀಟರ್ ಕಡ್ಡಿ ಚುಚ್ಚಬೇಡಿ. ಓಮ್ ನೋಡೋಕೆ ಮೀಟರ್ ಒಳಗಿಂದ ಸಣ್ಣ ಕರೆಂಟ್ ಕಳಿಸುತ್ತೆ, ಆ ಕರೆಂಟೇ ಅದನ್ನು ಸಿಡಿಸಿಬಿಡಬಹುದು. ಮುಖಕ್ಕೆ ಒಂದು ಮೊಳ ದೂರದಲ್ಲಿ ಸಿಡಿದರೆ ಕೈ ಮುರಿಯೋದು ಸಣ್ಣ ಪೆಟ್ಟು ಅನ್ನಿ. ಇದಕ್ಕೆ ದಾರಿ ಡಮ್ಮಿ: 2 ಓಮ್‌ನ ಒಂದು ರೆಸಿಸ್ಟರ್. ಏರ್‌ಬ್ಯಾಗ್ ತೆಗೆದು ಆ ಜಾಗಕ್ಕೆ ಇದನ್ನು ಹಾಕಿದರೆ ಯೂನಿಟ್ ಏರ್‌ಬ್ಯಾಗ್ ಇದೆ ಅಂತ ನಂಬುತ್ತೆ. ಇದು ಪರೀಕ್ಷೆಗೆ ಮಾತ್ರ. ಇದೇ ರೆಸಿಸ್ಟರನ್ನು ಒಳಗೆ ಖಾಯಂ ಬಿಟ್ಟು ಲೈಟ್ ಆಫ್ ಮಾಡಿಕೊಡೋ ಮಹಾನುಭಾವರೂ ಇದ್ದಾರೆ, ಅವರಿಗೆ ಏನು ಹೇಳೋದು.

ಕೀ ತೆಗೆದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ ಬಟ್ಟೆ ಸುತ್ತಿ ಪಕ್ಕಕ್ಕೆ ಇಟ್ಟೆ. ಆಮೇಲೆ ಕಾಯೋದು. ಡಿಕ್ಕಿಯಲ್ಲಿ ಬ್ಯಾಟರಿಯೇ ಕಿತ್ತುಹೋದರೂ ಏರ್‌ಬ್ಯಾಗ್ ಬಿಚ್ಚಲಿ ಅಂತ ಯೂನಿಟ್ಟಿನೊಳಗೆ ಕೆಪಾಸಿಟರ್‌ನಲ್ಲಿ ಚಾರ್ಜ್ ಕೂಡಿಟ್ಟಿರುತ್ತಾರೆ. ಅದು ಇಳಿಯಬೇಕು. ಮ್ಯಾನುಯಲ್‌ಗಳಲ್ಲಿ ಒಂದೊಂದು ಗಾಡಿಗೆ ಒಂದೊಂದು ಲೆಕ್ಕ, ಒಂದೂವರೆ ನಿಮಿಷ, ಮೂರು ನಿಮಿಷ. ನಾನು ಯಾವ ಗಾಡಿಗೂ ಹತ್ತು ನಿಮಿಷ ಬಿಡ್ತೀನಿ. "ಇಷ್ಟೊತ್ತು ಏನ್ ಕಾಯ್ತೀಯಪ್ಪಾ, ತೆಗಿ" ಅಂದರು ಮೇಷ್ಟ್ರು. ಹುಡುಗನನ್ನು ಕಳಿಸಿ ಮಂಡಕ್ಕಿ ಮಿರ್ಚಿ ತರಿಸಿದೆ. ತಿಂದು ಕೈ ತೊಳೆಯೋದರೊಳಗೆ ಹತ್ತು ನಿಮಿಷ ಆಗೇ ಆಗುತ್ತೆ, ಇದಕ್ಕಿಂತ ಒಳ್ಳೆ ಗಡಿಯಾರ ಇಲ್ಲ.

ಬಾಡಿಯ ಲೋಹ ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಕಳಕೊಂಡು, ಸ್ಟೀರಿಂಗಿನ ಹಿಂದಿನ ಕ್ಲಿಪ್ ಒತ್ತಿ ಏರ್‌ಬ್ಯಾಗ್ ಬಿಡಿಸಿದೆ. ಕಪ್ಲರ್ ತೆಗೆದ ಕೂಡಲೇ ಏರ್‌ಬ್ಯಾಗ್ ಕಡೆಯ ಎರಡು ಪಿನ್ನನ್ನು ಒಂದಕ್ಕೊಂದು ಸೇರಿಸಿಬಿಡೋ ಸಣ್ಣ ಪಟ್ಟಿ ಒಳಗೇ ಇರುತ್ತೆ, ಸ್ಟ್ಯಾಟಿಕ್‌ಗೆ ಸಿಡಿಯದಿರಲಿ ಅಂತ. ಆದರೂ ಎದೆಗೆ ಅವಚಿಕೊಂಡು ಒಯ್ಯಬಾರದು. ಮುಖ ಆಚೆ ಕಡೆ ಮಾಡಿ ಹಿಡಿದು, ಬೆಂಚಿನ ಮೇಲೆ ಲೋಗೋ ಮೇಲೆ ಬರೋ ಹಾಗೆ ಇಟ್ಟೆ. ಮೇಲೆ ಏನೂ ಇಡಬಾರದು. ಹುಡುಗ ಪಾನಾ ಇಡೋಕೆ ಹೋದ, ಬೈಸಿಕೊಂಡ. ಮಗುಚಿ ಹಾಕಿದ್ದಾಗ ಸಿಡಿದರೆ ಅದು ರಾಕೆಟ್ ಥರ ಮೇಲೆ ಹಾರುತ್ತೆ, ಮುಖ ಮೇಲಿದ್ದರೆ ಚೀಲ ಬಿಚ್ಚಿ ಮುಗಿಯುತ್ತೆ.

ಡಮ್ಮಿಯನ್ನು ಏರ್‌ಬ್ಯಾಗಿನ ಜಾಗದಲ್ಲಿ ಹಾಕಿ ಬ್ಯಾಟರಿ ಕೊಟ್ಟೆ. ನೇರ ಇದ್ದಾಗ 2.2, ಎಡಕ್ಕೆ ಒಂದೂಕಾಲು ಸುತ್ತು ತಿರುಗಿಸಿದರೆ ಮತ್ತೆ ಗೆರೆ. ಏರ್‌ಬ್ಯಾಗ್ ಪಾಸ್. ಮತ್ತೆ ಬ್ಯಾಟರಿ ತೆಗೆದು, ಮತ್ತೆ ಹತ್ತು ನಿಮಿಷ, ಈ ಸಲ ಬರೀ ಟೀ. ಕಾಲಂ ಕವರ್ ಬಿಚ್ಚಿ ಕ್ಲಾಕ್ ಸ್ಪ್ರಿಂಗಿನ ಕೆಳಗಿನ ಕಪ್ಲರ್ ತೆಗೆದು ಡಮ್ಮಿಯನ್ನು ಅಲ್ಲಿ ಹಾಕಿದೆ. ಎಷ್ಟು ತಿರುಗಿಸಿದರೂ 2.1, ಕದಲಲಿಲ್ಲ. ಕಾಲಂ ಬುಡದ ವೈರಿಂಗನ್ನು ಹಿಡಿದು ಜಗ್ಗಾಡಿದೆ, 2.1. ಮೇಲೆ ಡಮ್ಮಿ ಇಟ್ಟರೆ ಫೇಲ್, ಕೆಳಗೆ ಇಟ್ಟರೆ ಪಾಸ್. ನಡುವೆ ಇರೋದು ಒಂದೇ ಸಾಮಾನು.

ಡೂಪ್ಲಿಕೇಟ್ ಅವತ್ತೇ ಸಿಗುತ್ತಿತ್ತು, 1,100 ರೂಪಾಯಿಗೆ. ಒರಿಜಿನಲ್ 4,350, ಬೆಂಗಳೂರಿಂದ ಬರಬೇಕು, ಮೂರು ದಿನ. ಬಲ್ಬು, ರಿಲೇ, ಹಾರ್ನು, ಇಂಥವಕ್ಕೆ ನಾನು ಡೂಪ್ಲಿಕೇಟ್ ಹಾಕ್ತೀನಿ, ಮುಚ್ಚುಮರೆ ಇಲ್ಲ. ಇದಕ್ಕೆ ಹಾಕಲ್ಲ. ಮೇಷ್ಟ್ರು ಗಾಡಿ ಶೆಡ್‌ನಲ್ಲೇ ಬಿಟ್ಟು ಆ ಭಾನುವಾರ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋದರು.

ಕಾಯೋ ದಿನಗಳಲ್ಲಿ ತಲೆ ಕೊರೆಯುತ್ತಿದ್ದ ಪ್ರಶ್ನೆ: 71,000 ಕಿಲೋಮೀಟರಿಗೆ ಯಾಕೆ ಹೋಯ್ತು? ಹೋಗಬಾರದು ಅಂತೇನಿಲ್ಲ, ಆದರೆ ಎಡಕ್ಕೆ ಮಾತ್ರ ಯಾಕೆ? ಚಕ್ರ ನೇರ ನಿಲ್ಲಿಸಿ, ಸ್ಟೀರಿಂಗಿಗೂ ಶಾಫ್ಟಿಗೂ ಮಾರ್ಕ್ ಹಾಕಿ, ನಟ್ ತೆಗೆದು ಹಳೇ ಡಬ್ಬಿಯನ್ನು ಅಲುಗಾಡಿಸದೇ ಹೊರಗೆ ತಂದೆ. ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದೆ. ಬಲಕ್ಕೆ ಮೂರೂವರೆ ಸುತ್ತು. ಎಡಕ್ಕೆ ಒಂದೂವರೆಗೇ ಬಿಗಿ. ಎರಡೂ ಕಡೆ ಎರಡೂವರೆ ಇರಬೇಕಿತ್ತು. ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ಒಡೆದರೆ 1.7 ಸುತ್ತು. ಅಂದ್ರೆ ಎಡಕ್ಕೆ ಪೂರ್ತಿ ಒಡೆದಾಗಲೆಲ್ಲ ರಿಬ್ಬನ್ 0.2 ಸುತ್ತಿನಷ್ಟು ಮೀರಿ ಎಳೆದಾಡುತ್ತಿತ್ತು. ಈ ಕಳೆಯೋ ಲೆಕ್ಕ ಫೋನಿನಲ್ಲೇ ಮಾಡಿ ಹೇಳಿದ್ದು ಮೇಷ್ಟ್ರು.

ಒಂದು ಪೂರ್ತಿ ಸುತ್ತು ಸೆಂಟರ್ ತಪ್ಪಿದೆ. ಹೇಗೆ ತಪ್ಪುತ್ತೆ? "ಸ್ಟೀರಿಂಗ್ ಯಾವಾಗಾದ್ರೂ ಬಿಚ್ಚಿಸಿದ್ರಾ ಸಾರ್?" ಬಿಚ್ಚಿಸಿದ್ದರು. ಯುಗಾದಿಗೆ ಮುಂಚೆ, ತಿರುಗಿಸುವಾಗ ಕಟಕಟ ಅನ್ನುತ್ತೆ ಅಂತ ಒಂದು ಗ್ಯಾರೇಜಿನಲ್ಲಿ ಕೆಳಗಿನ ಶಾಫ್ಟ್ ಕಳಚಿ ಕೆಲಸ ಮಾಡಿಸಿದ್ದರು. ಶಾಫ್ಟ್ ಕಳಚಿದಾಗ ಸ್ಟೀರಿಂಗಿಗೆ ಲಗಾಮು ಇರಲ್ಲ, ಎಷ್ಟು ಬೇಕಾದರೂ ಗಿರಗಿರ ತಿರುಗುತ್ತೆ. ಯಾರೋ ಒಂದು ಸುತ್ತು ತಿರುಗಿಸಿ ಹಾಗೇ ಜೋಡಿಸಿದ್ದಾರೆ. ಕಾಲು ಸುತ್ತು ತಪ್ಪಿದ್ದರೆ ಸ್ಟೀರಿಂಗ್ ಸೊಟ್ಟ ಕಾಣುತ್ತಿತ್ತು, ಅವತ್ತೇ ಗೊತ್ತಾಗುತ್ತಿತ್ತು. ಸರಿಯಾಗಿ ಒಂದು ಸುತ್ತು ತಪ್ಪಿದರೆ ಎಲ್ಲ ನೆಟ್ಟಗೇ ಕಾಣುತ್ತೆ. ಶಾಫ್ಟ್ ಕಳಚೋ ಮುಂಚೆ ಸ್ಟೀರಿಂಗನ್ನು ಸೀಟ್ ಬೆಲ್ಟಿನಿಂದ ಬಿಗಿದು ಕಟ್ಟಿದ್ದರೆ ಸಾಕಿತ್ತು, ಒಂದು ನಿಮಿಷದ ಕೆಲಸ.

ಡಬ್ಬಿ ಒಡೆದು ರಿಬ್ಬನ್ ಎಳೆದೆ. ಪಾರದರ್ಶಕ ಪಟ್ಟಿ, ಒಳಗೆ ಸಾಲು ಸಾಲು ತಾಮ್ರದ ಗೆರೆ. ಒಳಗಿನ ತುದಿಯ ಹತ್ತಿರ ಒಂದು ಮಡಿಕೆ, ಉಗುರಿನಿಂದ ಗೀರಿದ ಹಾಗೆ. ಪ್ಲಾಸ್ಟಿಕ್ ಹರಿದಿಲ್ಲ, ಅದರೊಳಗಿನ ಎರಡು ಗೆರೆ ಬಿರುಕು ಬಿಟ್ಟಿವೆ. ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತೆ, ನೇರ ಮಾಡಿದರೆ ಕೂಡಿಕೊಳ್ಳುತ್ತೆ. ಇದೇ ಹಿಸ್ಟರಿ ಕೋಡ್.

ಹೊಸದು ಬಂತು, ನಡುವೆ ಲಾಕ್ ಪಿನ್ ಹಾಕಿ ಸೆಂಟರ್ ಮಾಡಿಯೇ ಕಳಿಸಿರುತ್ತಾರೆ. ಡಬ್ಬಿ ಕೂರಿಸೋವರೆಗೂ ಆ ಪಿನ್ನನ್ನು ಕೀಳಬಾರದು. ಚಕ್ರ ನೇರ, ಬಾಣದ ಗುರುತು ಎದುರುಬದುರು, ಕಪ್ಲರ್, ಆಮೇಲೆ ಪಿನ್ ಹೊರಗೆ, ಸ್ಟೀರಿಂಗ್ ಹಳೇ ಮಾರ್ಕಿಗೆ, ನಟ್ಟಿಗೆ ಟಾರ್ಕ್ (ಲೆಕ್ಕದ ಬಿಗಿ), ಕೊನೆಗೆ ಏರ್‌ಬ್ಯಾಗ್. ಈ ಗಾಡಿಯಲ್ಲಿ ಸ್ಟೀರಿಂಗ್ ಆಂಗಲ್ ಸೆನ್ಸರ್ ಇರಲಿಲ್ಲ. ಇರುವ ಗಾಡಿಗಳಲ್ಲಿ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕಾಗುತ್ತೆ.

ಬ್ಯಾಟರಿ ಕೊಟ್ಟು ಕೀ ಆನ್ ಮಾಡುವಾಗ ಮುಖ ಸ್ಟೀರಿಂಗಿನ ಎದುರು ಇರದ ಹಾಗೆ ಹೊರಗೆ ನಿಂತು ಕೈ ಮಾತ್ರ ಒಳಗೆ ಹಾಕಿದೆ. ಕೋಡ್ ಅಳಿಸಿದೆ, ಆದರೆ ಈ ಸಲ ಮೊದಲು ಬರೆದುಕೊಂಡು. ದೀಪ ಹತ್ತಿತು, ಆರು ಎಣಿಸಿದೆ, ಆರಿತು. ಎಡ ಬಲ ಇಪ್ಪತ್ತು ಸಲ ಪೂರ್ತಿ ಒಡೆದೆ, 2.2 ಬಿಟ್ಟು ಬೇರೆ ಅಂಕಿ ಬರಲಿಲ್ಲ. ಸೌಂಡ್ ಬಟನ್ನೂ ಬಂತು. ಹದಡಿ ರಸ್ತೆಯಲ್ಲಿ ಒಂದು ರೌಂಡ್, ರೈಲ್ವೆ ಗೇಟ್ ಹತ್ತಿರ ಬೇಕಂತಲೇ ಮೂರು ಸಲ.

ಬಿಲ್ ಬರೆದೆ: ಪಾರ್ಟ್ 4,350, ಕೂಲಿ 1,200. ಮೇಷ್ಟ್ರು ಡೈರಿ ತೆಗೆದರು. ಮೊದಲ ದಿನದ 600 ನ್ಯಾಯವಾದದ್ದು ಅಂತ ಅವರೇ ಹೇಳಿದರು, ಆ ಕಪ್ಲರ್ ನಿಜಕ್ಕೂ ಕೆಟ್ಟಿತ್ತು. "ಎರಡನೇ ದಿನ ಸೀಟಿನ ಕೆಳಗೆ ಒಂದು ಗಂಟೆ ಇದ್ದೆಯಲ್ಲಪ್ಪಾ, ಅದು ಈ ಕೂಲಿಯಲ್ಲಿ ಸೇರಿದೆಯಾ?" ಸೇರಿತ್ತು. 300 ತೆಗೆದೆ.

ಮೂರು ವಾರ ಬಿಟ್ಟು ಹೇಳಿದ ದಿನಕ್ಕೇ ಬಂದರು. ಸ್ಕ್ಯಾನ್ ಮಾಡಿದೆ, ಈಗಿನದೂ ಇಲ್ಲ, ಹಿಸ್ಟರಿಯೂ ಇಲ್ಲ. ಅಮ್ಮ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದರು. ಸೀಟಿನ ಕೆಳಗೆ ಏನೂ ಇಡಬೇಡಿ ಅಂತ ನಾನು ಹೇಳಿದ್ದಕ್ಕೆ ಆ ಛತ್ರಿಯನ್ನು ತೊಡೆಯ ಮೇಲೆ ಉದ್ದಕ್ಕೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದಿದ್ದರು. ಅವರ ಎದುರಿನ ಡ್ಯಾಶ್‌ಬೋರ್ಡಿನಲ್ಲೂ ಒಂದು ಏರ್‌ಬ್ಯಾಗ್ ಇದೆ, ಅದು ಬಿಚ್ಚಿಕೊಂಡರೆ ಆ ಛತ್ರಿ ಎಲ್ಲಿಗೆ ಹೋಗುತ್ತೆ ಅಂತ ಹೇಗೆ ಹೇಳೋದು.

"ಅಮ್ಮಾ, ಅದನ್ನ ಡಿಕ್ಕಿಯಲ್ಲಿ ಹಾಕ್ಸಿಬಿಡ್ರಿ."

"ಅಲ್ಲೂ ವೈರ್ ಐತೇನಪ್ಪಾ?" ಅಂದರು.